ಕಹಿಗೆ ಒಂದು ಚೂರು ಬೆಲ್ಲ

ಸಿಂಗಪುರದ ಜುರಾಂಗ್ ವೆಸ್ಟಿನ ನಮ್ಮ ಅಡುಗೆಮನೆಯಲ್ಲಿ ಬಿಯರ್ ಮಾಡುವುದು ನನ್ನ ಗಂಡನ ಹುಚ್ಚಾಗಿತ್ತು. ಬಾರ್ಲಿ ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿ ಸಿಹಿ ರಸ ತೆಗೆಯುವುದು, ಕಹಿಗೆ ಹಾಪ್ಸ್ ಹೂ ಹಾಕಿ ಕುದಿಸುವುದು, ಆರಿದ ಮೇಲೆ ಹುದುಗಲು ಯೀಸ್ಟ್ ಬೆರೆಸಿಡುವುದು. ನನಗೋ ಆ ಪಾತ್ರೆಗಳನ್ನು ಕಂಡರೇ ಮೈಯೆಲ್ಲ ಉರಿ. ಆದರೆ ಅವರು ನಮ್ಮ ಕಟ್ಟಡದ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್ಕಿನ ಒದ್ದೆ ನೆಲದಲ್ಲಿ ಜಾರಿ ಬಿದ್ದು ಭುಜ ಮುರಿದುಕೊಂಡರು. ತಲೆಗೆ ಪೆಟ್ಟಾಗಿ ವಾಸನೆ, ರುಚಿ ಎರಡೂ ಹೋದವು. ಆ ವರ್ಷ ಬಿಯರಿನ ಸೌಟು ನನ್ನ ಕೈಗೆ ಬಂತು.

ರುಚಿ, ವಾಸನೆ ವಾಪಸ್ ಬರಬಹುದು, ಬರದೆಯೂ ಇರಬಹುದು ಅಂದಿದ್ದರು ಡಾಕ್ಟರು. ಕೆಲವು ತಿಂಗಳ ಮೇಲೆ ಇವರು ಊಟಕ್ಕೆ ಕೂತಾಗಲೆಲ್ಲ, "ಬರ್ತಾ ಇದೆ ಕಣೇ, ಸಾರು ಚೆನ್ನಾಗಿದೆ" ಅನ್ನತೊಡಗಿದರು. ನಾನು ಊರಿಗೆಲ್ಲ ಫೋನ್ ಮಾಡಿ ಹೇಳಿದೆ. ಆ ಖುಷಿಗೇ, ನಾನೇ ಬಿಯರ್ ಮಾಡಿಕೊಡುತ್ತೇನೆ ಅಂದೆ.

"ಸಕ್ಕರೆ ಸ್ವಲ್ಪ ಸಾಕು. ಜಾಸ್ತಿ ಹಾಕಿದ್ರೆ ಮಾಲ್ಟ್ ಕಡಿಮೆ ಮಾಡ್ಬೇಕು, ಇಲ್ಲಾಂದ್ರೆ ಸಿಕ್ಕಾಪಟ್ಟೆ ಸ್ಟ್ರಾಂಗ್ ಆಗ್ಬಿಡುತ್ತೆ," ಎಂದು ಹೇಳಿ, ಭುಜ ನೋವೆಂದು ಮಲಗಲು ಹೋದರು.

ಹಿಂದೆ ಅವರು ಮಾಡಿದ್ದು ನನಗೆ ಕಹಿ ಅನ್ನಿಸಿತ್ತು. ಹಾಗಲಕಾಯಿ ಗೊಜ್ಜಿನಲ್ಲಿ ಕಹಿ ಮುರಿಯಲು ಏನು ಹಾಕುತ್ತೇವೆ? ಬೆಲ್ಲ. ಸಕ್ಕರೆಯ ಬದಲು ಬೆಲ್ಲವನ್ನೇ ಧಾರಾಳವಾಗಿ ಹಾಕಿದೆ, ಅವರ ಮಾತಿನಂತೆ ಮಾಲ್ಟನ್ನೂ ಇಳಿಸಿದೆ. ಇಷ್ಟು ವರ್ಷ ಅಡುಗೆ ಮಾಡಿದವಳಿಗೆ ಹದ ಗೊತ್ತಿಲ್ಲವೇ ಎಂಬ ಜಂಬ ಬೇರೆ!

ಬಾಟಲಿ ತೆರೆದ ಸಂಜೆ ಮೊದಲು ನಾನೇ ಒಂದು ಗುಟುಕು ಕುಡಿದೆ. ಥೂ! ಬೆಲ್ಲದ ಸಿಹಿಯನ್ನು ಯೀಸ್ಟ್ ಚೂರೂ ಬಿಡದೆ ತಿಂದುಹಾಕಿತ್ತು. ಮಾಲ್ಟಿನ ಸಿಹಿಯನ್ನು ನಾನೇ ಕಡಿಮೆ ಮಾಡಿದ್ದೆ. ಉಳಿದದ್ದು ನೀರುನೀರಾದ ಬರೀ ಕಹಿ, ಬೇವಿನ ಕಷಾಯದ ಹಾಗೆ. ಬೈಸಿಕೊಳ್ಳಲು ಸಿದ್ಧಳಾಗಿಯೇ, ಏನೂ ಹೇಳದೆ ಅವರಿಗೆ ಲೋಟ ಕೊಟ್ಟೆ. ಬಿಯರಿನ ವಿಷಯದಲ್ಲಿ ಅವರು ಯಾರ ಮುಲಾಜೂ ನೋಡುವವರಲ್ಲ.

ಅವರು ಕಣ್ಣು ಮುಚ್ಚಿ ಕುಡಿದರು.

"ವಾಹ್! ಹದ ಸರಿಯಾಗಿದೆ ಕಣೇ. ಮಾಲ್ಟಿನ ಸಿಹಿ ಎಷ್ಟು ಚೆನ್ನಾಗಿ ಬಂದಿದೆ!"

ಅಷ್ಟು ದಿನ ಅವರು ಹೊಗಳಿ ಹೊಗಳಿ ತಿಂದದ್ದೆಲ್ಲ ನೆನಪಾಯಿತು. ಸಂಕಟ, ಸಿಟ್ಟು ಎರಡೂ ಒಟ್ಟಿಗೇ ಉಕ್ಕಿ ಬಂದವು.

"ರೀ, ಅದು ವಿಷದ ಥರ ಕಹಿ ಇದೆ," ಅಂದೆ.

ಅವರು ಲೋಟ ಕೆಳಗಿಟ್ಟರು.

"ಏನೂ ಬಂದಿಲ್ಲ ಕಣೇ. ಬಿದ್ದಾಗಿಂದ ಏನೂ ಇಲ್ಲ. ನೀನು ಬಡಿಸ್ಬಿಟ್ಟು ನನ್ನ ಮುಖಾನೇ ನೋಡ್ತಾ ಕೂತಿರ್ತಿದ್ದೆ. ಇನ್ನೇನ್ ಹೇಳ್ಲಿ?"