ಮದುವೆ ಕ್ಯಾಸೆಟ್ಟಿನೊಳಗಿನ ಆನೆ

ಐನಾಪುರದ ಸುಗಂಧಾ ತನ್ನ ಮದುವೆಯ ವಿಡಿಯೊ ಕ್ಯಾಸೆಟ್ಟನ್ನು ಮೂವತ್ತು ವರ್ಷ ರೇಷ್ಮೆ ಸೀರೆಗಳ ನಡುವೆ ಕಾಪಾಡಿದ್ದಳು. ತೀರಿಹೋದ ಅಪ್ಪ ನಡೆದಾಡಿದ್ದು, ನಕ್ಕಿದ್ದು, ಕಣ್ಣೊರೆಸಿಕೊಂಡಿದ್ದು ಉಳಿದಿದ್ದು ಅದೊಂದರಲ್ಲೇ. ಮನೆಯಲ್ಲಿ ವಿಸಿಆರ್ ಇರಲಿಲ್ಲ. ಹೊಸತರಲ್ಲಿ ಬಾಡಿಗೆಗೆ ತಂದು ನೋಡಿದ್ದೇ ಕೊನೆ.

ಈಗ ಅಥಣಿಯ ಸ್ಟುಡಿಯೊದಲ್ಲಿ ಅದನ್ನು ಡಿವಿಡಿ ಮಾಡಿಸಿಕೊಂಡು ಬಂದು, ದ್ರಾಕ್ಷಿ ತೋಟಕ್ಕೆ ಹೊರಟಿದ್ದ ಗಂಡ ಧನಪಾಲನನ್ನೂ ಕೂರಿಸಿಕೊಂಡು ಟಿವಿ ಹಚ್ಚಿದಳು.

ಅಪ್ಪ ಬರಲಿಲ್ಲ. ಆನೆ ಬಂತು. ಅದರ ಮೇಲೆ, ಬಸದಿಯ ಪಂಚಕಲ್ಯಾಣ ಪೂಜೆಯ ಇಂದ್ರ-ಇಂದ್ರಾಣಿಯರಾಗಿ ಕಿರೀಟ ಹಾಕಿಕೊಂಡು ಕುಳಿತವರು ಧನಪಾಲನ ಅಣ್ಣ ಮತ್ತು ಅವನ ಹೆಂಡತಿ ತ್ರಿಶಲಾ. ಸುಗಂಧಾ ಡಿವಿಡಿಯನ್ನು ಮುಂದೆ ಓಡಿಸಿದಳು. ಎಲ್ಲಿ ನಿಲ್ಲಿಸಿದರೂ ಅದೇ ಮೆರವಣಿಗೆ.

"ಅವತ್ತ ಹೊಸಾ ಕ್ಯಾಸೆಟ್ ಸಿಗ್ಲಿಲ್ಲ," ಧನಪಾಲ ನೆಲ ನೋಡುತ್ತ ಅಂದ. "ಅಣ್ಣ ಕೇಳಿದ, ನಿಂದ ಕೊಟ್ನಿ. ದೇವರ ಕೆಲಸ ಐತಲ್ಲ."

"ನನಗ ಒಂದ ಮಾತ ಹೇಳಬೇಕಿತ್ತಲ್ರಿ."

"ಹೇಳಿದ್ರ ನೀ ಕೊಡ್ತಿದ್ದೇನು?"

ದೇವರನ್ನು ಮುಂದಿಟ್ಟ ಮೇಲೆ ಜಗಳಕ್ಕೂ ಜಾಗವಿಲ್ಲ. ಪ್ರತಿ ದೀಪಾವಳಿಗೆ ಅವಳು ಆ ಕ್ಯಾಸೆಟ್ಟಿನ ಧೂಳು ಒರೆಸುತ್ತಿದ್ದಾಗ ಈ ಮನುಷ್ಯ ಪಕ್ಕದಲ್ಲೇ ಕೂತು ಚಹಾ ಕುಡಿದಿದ್ದ.

ಪರದೆಯ ಮೇಲೆ ಈಗ ಆನೆಯ ಹಿಂದೆ ಕುಂಭ ಹೊತ್ತ ಹೆಂಗಸರು ಬಂದರು. ಅವರಲ್ಲೊಬ್ಬಳು ಸುಗಂಧಾ. ಕ್ಯಾಮೆರಾ ತನ್ನತ್ತ ತಿರುಗಿದ್ದು ಕಂಡು, ಸೆರಗು ಸರಿಮಾಡಿಕೊಂಡು, ಆ ಕ್ಯಾಮೆರಾದೊಳಗೆ ತನ್ನ ಅಪ್ಪ ಅಳಿಸಿಹೋಗುತ್ತಿದ್ದಾನೆಂದು ಗೊತ್ತಿಲ್ಲದೆ, ಬಾಯ್ತುಂಬ ನಗುತ್ತಿದ್ದಳು.