ಮುತ್ತಿನಂಥ ಅಕ್ಷರ

ಬ್ಯಾಡಗಿ ತಾಲೂಕಿನಲ್ಲಿ, ಕದರಮಂಡಲಗಿಯಿಂದ ಒಂದಿಷ್ಟು ಒಳಗೆ ಒಂದು ಊರಿದೆ. ಹೆಸರು ಬೇಡ ಬಿಡಿ, ಅಲ್ಲಿಯ ಮಾಸ್ತರರು ಬಹಳ ಸೂಕ್ಷ್ಮ ಸ್ವಭಾವದವರು. ಆ ಊರಿನ ಉಚ್ಚಂಗೆವ್ವ ಯಾರೆಂದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಇಪ್ಪತ್ತು ವರ್ಷದಿಂದ ಅಲ್ಲಿ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದಾಳೆ. ಅವಳ ಕೈ ಸದಾ ಖಾರ, ಬಾಯಿ ಅದಕ್ಕಿಂತ ಖಾರ.

ಅವಳ ಒಬ್ಬಳೇ ಮಗಳು ಮೀನಾಕ್ಷಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತಿಲ್ಲ. ಐದು ವರ್ಷದವಳಿದ್ದಾಗ ಒಮ್ಮೆ ಎರಡು ದಿನ ಒಂದೇ ಸಮನೆ ಅತ್ತಿತು ಮಗು. ಒಬ್ಬ ಡಾಕ್ಟರು ಹೊಟ್ಟೆಗೆ ಔಷಧ ಕೊಟ್ಟರು, ಇನ್ನೊಬ್ಬರು ಜ್ವರಕ್ಕೆ ಸೂಜಿ ಚುಚ್ಚಿದರು. ಕಡೆಗೆ ನೋಡಿದರೆ ದವಡೆಯ ಹಲ್ಲು! ಹೆತ್ತವಳಿಗೆ ಮಗಳ ನೋವು ಎಲ್ಲಿದೆ ಎಂದು ಗೊತ್ತಾಗಲಿಲ್ಲವಲ್ಲ ಎಂದು ಉಚ್ಚಂಗೆವ್ವ ಎದೆ ಬಡಿದುಕೊಂಡಳು. ಅಂದಿನಿಂದ ಅವಳಿಗೆ ಒಂದೇ ಹಟ. ಮಗಳು ಡಾಕ್ಟರಾಗುವುದು ಬೇಡ, ಕಲೆಕ್ಟರಾಗುವುದು ಬೇಡ. ತನಗೆ ಏನು ಬೇಕು, ಎಲ್ಲಿ ನೋಯುತ್ತದೆ ಎಂದು ಬರೆದು ತೋರಿಸಿದರೆ ಸಾಕು. ನಿನಗೆ ಓದಲು ಬರುವುದಿಲ್ಲವಲ್ಲ ಎಂದು ಗಂಡ ಮೈಲಪ್ಪ ಕೇಳಿದ್ದಕ್ಕೆ, ಓದಿ ಹೇಳಲು ಇಡೀ ಊರಿದೆ ಎಂದಳು.

ಅಷ್ಟರಲ್ಲಿ ಶಿಕ್ಷಣ ಇಲಾಖೆಯವರು ದಪ್ಪ ಫೈಲು ಹಿಡಿದು ಮನೆಗೇ ಬಂದರು. ಈಗ ಸಮನ್ವಯ ಶಿಕ್ಷಣದ ಕಾಲ, ಇಂಥ ಮಕ್ಕಳನ್ನು ಬೇರೆ ಕೂಡಿಸುವುದು ತಪ್ಪು, ಊರ ಮಕ್ಕಳ ಜೊತೆಗೇ ಕಲಿಯಬೇಕು ಎಂದರು. ಮಾತೇನು ಸುಳ್ಳಲ್ಲ, ಬಂಗಾರದಂಥ ಮಾತು. ಎಳೆಯ ಕೂಸನ್ನು ದೂರದ ಹಾಸ್ಟೆಲಿಗೆ ಬಿಡುವ ಮನಸ್ಸು ಉಚ್ಚಂಗೆವ್ವನಿಗೂ ಇರಲಿಲ್ಲ. ಹ್ಞೂಂ ಎಂದಳು. ಅವರು ಫೋಟೋ ಹೊಡೆದುಕೊಂಡು ಹೋದರು. ಆಮೇಲೆ ವಿಶೇಷ ಶಿಕ್ಷಕರೊಬ್ಬರು ನಾಲ್ಕು ತಿಂಗಳಿಗೊಮ್ಮೆ ಬರತೊಡಗಿದರು. ಪಾಪ, ಒಂದು ಬೈಕು, ನಲವತ್ತು ಶಾಲೆ. ಚಹಾ ಕುಡಿದು, ಸಹಿ ಹಾಕಿ, ಫೋಟೋ ತೆಗೆಯುವಷ್ಟರಲ್ಲಿ ಅವರ ವೇಳೆ ಮುಗಿಯುತ್ತಿತ್ತು. ಫೋಟೋದಲ್ಲಿ ಮೀನಾಕ್ಷಿ ಯಾವಾಗಲೂ ಮೊದಲ ಸಾಲು. ಉಳಿದ ದಿನ ಕೊನೆಯ ಸಾಲು.

ಶಾಲೆಯ ಚನ್ನಬಸಪ್ಪ ಮಾಸ್ತರರು ರಾಣೇಬೆನ್ನೂರಿನಿಂದ ದಿನಾ ಬಸ್ಸಿಗೆ ಬರುವವರು. ತಮ್ಮ ತರಗತಿಯಲ್ಲಿ ಸದ್ದೇ ಇರುವುದಿಲ್ಲ ಎಂಬುದು ಅವರ ಹೆಮ್ಮೆ. ಅಂಥವರಿಗೆ ಮೀನಾಕ್ಷಿ ಸಿಕ್ಕಿದ್ದು ದೇವರೇ ಕೊಟ್ಟಂತಾಯಿತು. ಇಂಥ ಶಿಸ್ತಿನ ಹುಡುಗಿ ತಾಲೂಕಿನಲ್ಲೇ ಇಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮಾಸ್ತರರು ಪಾಠ ಹೇಳುವುದು ಕರಿಹಲಗೆಗೆ, ಮಕ್ಕಳಿಗೆ ಅವರ ಬೆನ್ನು. ಹಲಗೆಯ ಮೇಲೆ ಏನು ಬಿದ್ದರೂ ಮೀನಾಕ್ಷಿ ಅದನ್ನು ತನ್ನ ಬರೆಯುವ ಪಟ್ಟಿಗೆ ಇಳಿಸುತ್ತಿದ್ದಳು. ಆಹಾ, ಏನು ಅಕ್ಷರ! ಮುತ್ತು ಪೋಣಿಸಿದಂತೆ. ಒಮ್ಮೆ ‘ಇಂದಿನ ಹಾಜರಿ ಮೂವತ್ತನಾಲ್ಕು, ಇದನ್ನು ಒರೆಸಬಾರದು’ ಎಂಬುದನ್ನೂ ಬರೆದಳು. ಮಾಸ್ತರರು ಅದಕ್ಕೂ ರೈಟು ಹಾಕಿದರು. ವರ್ಷಾ ವರ್ಷಾ ಅಕ್ಷರಕ್ಕೆ ಬಹುಮಾನ, ಒಂದೊಂದು ಸ್ಟೀಲು ತಾಟು. ಉಚ್ಚಂಗೆವ್ವ ಆ ತಾಟುಗಳನ್ನು ಉಣ್ಣಲು ಇಳಿಸಲಿಲ್ಲ, ನಾಗಂದಿಗೆಯ ಮೇಲೆ ಸಾಲಾಗಿ ನಿಲ್ಲಿಸಿದಳು.

ಹಾಗಂತ ಸಮನ್ವಯ ಆಗಲೇ ಇಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಪಕ್ಕದಲ್ಲಿ ಕೂಡುವ ಶಿಲ್ಪಾ ಎಂಬ ಹುಡುಗಿ ಮೀನಾಕ್ಷಿಯ ಜೊತೆ ಸೇರಿ ಕೈಯದೇ ಒಂದು ಭಾಷೆ ಕಟ್ಟಿದ್ದಳು. ಮೂಗಿನ ಮೇಲೆ ಬೆರಳು ಸರಿಸಿದರೆ ಚಷ್ಮಾದ ಮಾಸ್ತರರು, ಅಂಗೈ ಊದಿದರೆ ಬಿಸಿಯೂಟ. ಐದನೆಯ ತರಗತಿಯ ಹೊತ್ತಿಗೆ ಇಡೀ ವರ್ಗ ಮಾಸ್ತರರ ಬೆನ್ನ ಹಿಂದೆ ಕೈಯಲ್ಲೇ ಹರಟೆ ಹೊಡೆಯುತ್ತಿತ್ತು. ಮಾಸ್ತರರು ಅದನ್ನು ತಮ್ಮ ಶಿಸ್ತು ಎಂದುಕೊಂಡರು. ಎಲ್ಲರೂ ಒಂದಾಗಿದ್ದರು, ಮಾಸ್ತರರೊಬ್ಬರೇ ಹೊರಗೆ ಉಳಿದಿದ್ದರು.

ಏಳನೆಯದು ಮುಗಿಯಿತು. ಊರಲ್ಲಿ ಹೈಸ್ಕೂಲಿಲ್ಲ. ರಾಣೇಬೆನ್ನೂರಿನಲ್ಲಿ ಕಿವುಡ ಮಕ್ಕಳ ವಸತಿ ಶಾಲೆ ಇದೆ ಎಂದು ಯಾರೋ ಹೇಳಿದರು. ಉಚ್ಚಂಗೆವ್ವ ಪಟ್ಟಿಗಳನ್ನೆಲ್ಲ ಚೀಲಕ್ಕೆ ತುಂಬಿ, ಸಾಕ್ಷಿಗಿರಲಿ ಎಂದು ಒಂದು ತಾಟನ್ನೂ ಇಟ್ಟುಕೊಂಡು, ಮಗಳನ್ನೂ ಶಿಲ್ಪಾಳನ್ನೂ ಕರೆದುಕೊಂಡು ಹೊರಟಳು.

ಅಲ್ಲಿಯ ಹರಿಪ್ರಿಯಾ ಟೀಚರು ಪಟ್ಟಿಗಳನ್ನು ನೋಡಿ ಹುಬ್ಬೇರಿಸಿದರು. ಆಮೇಲೆ ಒಂದು ಹಾಳೆಯಲ್ಲಿ ‘ನಿನ್ನ ಹೆಸರೇನು?’ ಎಂದು ಬರೆದು ಮೀನಾಕ್ಷಿಯ ಮುಂದೆ ಸರಿಸಿದರು. ಮೀನಾಕ್ಷಿ ಪೆನ್ನು ಹಿಡಿದು ಅದರ ಕೆಳಗೆ ಮುತ್ತಿನಂಥ ಅಕ್ಷರದಲ್ಲಿ ‘ನಿನ್ನ ಹೆಸರೇನು?’ ಎಂದು ಬರೆದಳು. ಟೀಚರು ‘ನಿನಗೆ ಏನು ಬೇಕು?’ ಎಂದು ಬರೆದರು. ಅವಳೂ ಅದನ್ನೇ ಬರೆದಳು. ಕೆಳಗೆ ನೇರವಾಗಿ ಗೆರೆ ಎಳೆದು, ರೈಟು ಬೀಳಲಿ ಎಂದು ನಗುತ್ತ ನೋಡಿದಳು.

“ಹೆಂಗ್ರಿ ಬಾಯಾರ, ಚಂದ ಐತಿಲ್ರಿ?” ಎಂದು ಟೀಚರನ್ನು ಕೇಳಿದಳು ಉಚ್ಚಂಗೆವ್ವ.

ಶಿಲ್ಪಾ ತಲೆ ತಗ್ಗಿಸಿ ಹೇಳಿದಳು, “ಅತ್ತೀ, ಅಕಿ ಉತ್ತರಾ ಬರದಿಲ್ಲ. ಬಾಯಾರ ಬರದದ್ದನ್ನ ನೋಡಿ ಬರದಾಳ.”

ಆಮೇಲೆ ಅದೇ ಪ್ರಶ್ನೆಗಳನ್ನು ಶಿಲ್ಪಾ ಕೈಯಲ್ಲಿ ಕೇಳಿದಳು. ಮೀನಾಕ್ಷಿಯ ಕೈ ಪಟಪಟನೆ ಓಡಿತು. ಹೆಸರು ಹೇಳಿದಳು, ಹಸಿವಾಗಿದೆ ಎಂದಳು, ಗೇಟಿನ ಹೊರಗೆ ಮಂಡಕ್ಕಿ ಮಾರುವವನಿದ್ದಾನೆ, ಮಿರ್ಚಿಯೂ ಬೇಕು ಎಂದಳು. ಹುಡುಗಿ ಜಾಣೆ ಇದ್ದಾಳೆ, ಏಳು ವರ್ಷದಲ್ಲಿ ಇವಳಿಗೆ ಕಲಿಸಿದವಳು ಈ ಶಿಲ್ಪಾ ಒಬ್ಬಳೇ ಎಂದರು ಟೀಚರು. ಉಚ್ಚಂಗೆವ್ವನಿಗೆ ಮೈಯೆಲ್ಲ ಬೆಂಕಿ ಹೊತ್ತಿತು, ಕಣ್ಣಲ್ಲಿ ನೀರೂ ಬಂತು.

ಮರುದಿನ ಏಳೂ ತಾಟುಗಳನ್ನು ಮಾಸ್ತರರ ಟೇಬಲ್ಲಿನ ಮೇಲೆ ಸುರಿದಳು. ತಮಗೆ ಆ ಕೈಭಾಷೆಯ ತರಬೇತಿ ಕೊಟ್ಟಿಲ್ಲ, ಅಷ್ಟೊಂದು ಮಕ್ಕಳಿಗೆ ತಾವೊಬ್ಬರೇ ಎಂದರು ಮಾಸ್ತರರು. ಅದೂ ಖರೆಯೇ. ಆದರೆ ಏಳು ವರ್ಷದಲ್ಲಿ ಒಂದು ಸಲ ಮಗುವಿನ ಕಡೆ ಮುಖ ತಿರುಗಿಸಿ ನಿಲ್ಲಲು ಯಾವ ತರಬೇತಿ ಬೇಕಿತ್ತೋ, ಅದನ್ನು ಯಾವ ಇಲಾಖೆ ಕೊಡುತ್ತದೆಯೋ ನನಗಂತೂ ತಿಳಿಯದು.

ಜೂನಿನಲ್ಲಿ ಮೀನಾಕ್ಷಿಯನ್ನು ವಸತಿ ಶಾಲೆಗೆ ಬಿಟ್ಟರು. ಅವಳು ಶಿಲ್ಪಾಳ ಲಂಗ ಹಿಡಿದು ಬಿಡಲಿಲ್ಲ. ಅಲ್ಲಿ ಭಾಷೆಯಿತ್ತು, ಟೀಚರಿದ್ದರು. ಶಿಲ್ಪಾ ಇರಲಿಲ್ಲ. ಉಚ್ಚಂಗೆವ್ವ ಬಸ್ಸಿನಲ್ಲಿ ಮನೆವರೆಗೂ ಅತ್ತಳು.

ದೀಪಾವಳಿ ಕಳೆದ ಮೇಲೆ ಒಂದು ಪತ್ರ ಬಂತು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಶಿಲ್ಪಾ ಅದನ್ನು ಓದಿದಳು: ‘ಅವ್ವ. ಸಾರು ನೀರು. ಖಾರ ಇಲ್ಲ. ಶಿಲ್ಪಾ ಇಲ್ಲ. ಹಲ್ಲು ನೋವು. ಬಲಗಡೆ ಕೆಳಗೆ. ಭಾನುವಾರ ಬಾ.’

ಉಚ್ಚಂಗೆವ್ವ ಇನ್ನೊಮ್ಮೆ ಓದಿಸಿದಳು, ಮತ್ತೊಮ್ಮೆ ಓದಿಸಿದಳು. ಬಸ್ಸಿಗೆ ಕಾಯುತ್ತಿದ್ದ ಚನ್ನಬಸಪ್ಪ ಮಾಸ್ತರರು ಹಾಳೆ ಇಸಿದುಕೊಂಡು ಚಷ್ಮಾ ಸರಿಮಾಡಿ ನೋಡಿದರು. ಸೊಟ್ಟ ಸಾಲು, ಒಡೆದ ಅಕ್ಷರ, ಎಲ್ಲ ಕಡೆ ಗೀಚು. ಅವರಿಗೆ ಮನಸ್ಸಿಗೆ ಹತ್ತಿತು. ತಮ್ಮ ಕೈಯಲ್ಲಿದ್ದಾಗ ಹೇಗಿತ್ತು, ಅಕ್ಷರ ಪೂರಾ ಕೆಟ್ಟಿತಲ್ಲ ಎಂದರು.

“ಹೌದ್ರಿ ಸರ, ಅಕ್ಷರ ಕೆಟ್ಟಾವು,” ಎಂದಳು ಉಚ್ಚಂಗೆವ್ವ, ಹಾಳೆಯನ್ನು ಮರಳಿ ಇಸಿದುಕೊಳ್ಳುತ್ತ. “ಹಲ್ಲೂ ಕೆಟ್ಟೈತಿ. ಯಾವ ಹಲ್ಲು ಅಂತ ಈ ಸಲ ನನಗ ಗೊತ್ತೈತಿ.”

ಭಾನುವಾರ ಖಾರಪುಡಿಯ ಡಬ್ಬಿ ಹಿಡಿದು, ಶಿಲ್ಪಾಳನ್ನು ಕಿಟಕಿಯ ಬದಿಗೆ ಕೂಡಿಸಿಕೊಂಡು ರಾಣೇಬೆನ್ನೂರಿನ ಬಸ್ಸು ಹತ್ತಿದಳು.