ಗೇಟಜ್ಜಿಯ ಗಂಟಲು

ಗೇಟಜ್ಜಿಯ ಅಜ್ಜ ದೋಣಿ ನಡೆಸುವವ. ಒಂದು ಕೂಗು ಹಾಕಿದರೆ ಆಚೆ ದಡದವರು ಗಂಟುಮೂಟೆ ಎತ್ತಿಕೊಂಡು ಓಡಿಬರುತ್ತಿದ್ದರು. ಅವ್ವ ಸೊಪ್ಪು ಮಾರುವವಳು. ಅವಳ ದನಿಗೆ ಬೀದಿಯ ಬಾಗಿಲುಗಳೆಲ್ಲ ತೆರೆಯುತ್ತಿದ್ದವು. ಅಂಥ ಗಂಟಲಿನ ವಂಶದ ಗೇಟಜ್ಜಿ ಪ್ರಾಥಮಿಕ ಶಾಲೆಯ ಬಾಗಿಲು ಕಾಯುತ್ತಾ, ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದವರಿಗೆ ಶಾಲೆಯ ಸುದ್ದಿಯನ್ನೆಲ್ಲ ಕೂಗಿ ಹೇಳುತ್ತಿದ್ದಳು.

ಈಚೆಗೆ ಹೆಡ್‌ಮೇಡಂ, "ಫೋನಿಗೇ ಸಂದೇಶ ಕಳಿಸ್ತೀವಿ, ನೀವು ಕೂಗೋದು ಬೇಡ" ಅಂದರು. ಫೋನುಗಳು ಅಪ್ಪಂದಿರ ಜೇಬಿನಲ್ಲಿ ಕೆಲಸಕ್ಕೆ ಹೋದವು; ಗೇಟಿಗೆ ಬಂದವರು ಅಜ್ಜಿಯರು. ವೇಷ ಹಾಕಿ ಬರಬೇಕಾದ ದಿನ, ಸುದ್ದಿ ತಲುಪದ ಅರ್ಧ ಮಕ್ಕಳು ಸಮವಸ್ತ್ರದಲ್ಲೇ ಬಂದು, ಹುಲಿ ಮೊಲಗಳ ನಡುವೆ ಮುಖ ಊದಿಸಿಕೊಂಡು ಕೂತವು.

ಅಂದು ಸಂಜೆ ಗೇಟಜ್ಜಿಗೆ ನೆಗಡಿ. ಆದರೂ ಸ್ಟೂಲು ಹತ್ತಿ ನಿಂತಳು. "ಶುಕ್ರವಾರ ಓಟದ ಸ್ಪರ್ಧೆ! ಟೋಪಿ, ನೀರು ಮರೀಬೇಡಿ!"

"ಏನೇ, ದನಿ ಒಡಕು ಮಡಕೆ ಆಗಿದೆ!" ಅಂತ ಒಬ್ಬ ಅಜ್ಜಿ ಛೇಡಿಸಿದಳು.

"ಕಿವಿಗೆ ಬಿತ್ತಲ್ಲ, ಸಾಕು ಬಿಡೇ."

ಹೆಡ್‌ಮೇಡಂ ತಪ್ಪು ಅರಿತವರಂತೆ ಮೈಕು ಹಿಡಿದು ಬಂದರು. "ಕೂಗಿ ಅಜ್ಜಿ, ನಾನೇ ಹೇಳ್ತಿದ್ದೀನಿ. ಆದ್ರೆ ಇದನ್ನ ತಗೊಳ್ಳಿ."

"ಒಳಗಿಡಿ ಮೇಡಂ. ಗಂಟಲು ಕೆಟ್ಟಿದೆ, ಸತ್ತಿಲ್ಲ. ನಮ್ಮಜ್ಜನ ಕೂಗು ಹೊಳೇನೇ ದಾಟ್ತಿತ್ತು. ನಂದು ಈ ಗೇಟು ದಾಟಲ್ವಾ?"